ಕರಿಹಲಗೆ ಮತ್ತು ಚಿತ್ತಾರದ ಗೋಡೆ

ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದರು 1944ರಲ್ಲಿ ಗಾಂಧೀಜಿಯ ಸೇವಾಗ್ರಾಮಕ್ಕೆ ಹೋಗಿ ಅಲ್ಲಿಯ ಮಕ್ಕಳಿಗೆ ಚಿತ್ರಕಲೆ ಕಲಿಸಿದವರು. ಆ ಅನುಭವದ ಫಲವಾದ ಅವರ ಇಂಗ್ಲಿಷ್ ಪುಸ್ತಕ ‘ಆರ್ಟ್: ದಿ ಬೇಸಿಸ್ ಆಫ್ ಎಜುಕೇಶನ್’ (1998) ಓದಿ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಕಲೆ ಉಳ್ಳವರ ಮಕ್ಕಳ ಹವ್ಯಾಸವಲ್ಲ, ಪ್ರತಿ ಮಗುವಿನ ಶಿಕ್ಷಣದ ಬುನಾದಿ ಎಂಬ ಅವರ ಮಾತು ಸಂತೋಷ ಕೊಟ್ಟಿತು. ದೊಡ್ಡವರ ಚಿತ್ರ ಮುಂದಿಟ್ಟು ನಕಲು ಮಾಡಿಸುವುದನ್ನು ಅವರು ಒಪ್ಪುವುದಿಲ್ಲ. ನಾನು ವರ್ಷಗಟ್ಟಲೆ ಮಾಡಿಸಿದ್ದು ಅದನ್ನೇ. ಕರಿಹಲಗೆಯ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ!

ಆದರೂ ಆ ಮಾತನ್ನು ಹಾಗೆಯೇ ಒಪ್ಪಲು ನನಗಾಗದು. ಸಾಗರದ ಕಡೆಯ ಹಳ್ಳಿಯಲ್ಲಿ ನಾನು ಕಲಿಸುತ್ತಿದ್ದಾಗ ದೀವರ ಮನೆಯ ಹುಡುಗಿಯೊಬ್ಬಳು ಡ್ರಾಯಿಂಗ್ ಪೀರಿಯಡ್‌ನಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಅವರ ಮನೆಯ ಮದುವೆಗೆ ಮುಂಚೆ ಒಂದು ದಿನ ಹೋದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ತಾಯಿ ಚಿತ್ತಾರ ಬರೆಯುತ್ತಿದ್ದರು. ಪಕ್ಕದಲ್ಲೇ ಈ ಹುಡುಗಿ, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಗೆರೆ ಎಳೆಯುತ್ತಿದ್ದಳು. ಒಂದು ಗೆರೆಯೂ ನಡುಗಲಿಲ್ಲ.

“ಅವ್ವ ಬರ್ದಂಗೇ ಬರೀತೀನಿ ಅಕ್ಕೋರೆ” ಎಂದಳು.

ಇದೂ ನಕಲೇ ಅಲ್ಲವೇ? ಆದರೆ ತನ್ನ ಮನೆಯ ಮದುವೆಗೆ, ತನ್ನ ಅವ್ವನ ಕೈ ನೋಡಿ ಬರೆದದ್ದು. ನನ್ನ ಗುಡ್ಡ-ಸೂರ್ಯಕ್ಕೂ ಅವಳಿಗೂ ಏನು ಸಂಬಂಧ? ಹಳ್ಳಿ ಮಕ್ಕಳಿಗೆ ಉಚಿತವಾಗಿ ಕಲೆ ಕಲಿಸಲು ಹೊರಟವರು ಬಣ್ಣದ ಡಬ್ಬಿ ತೆರೆಯುವ ಮೊದಲು ಆ ಗೋಡೆಗಳನ್ನು ನೋಡಲಿ. ಅಲ್ಲಿ ಫೀಸಿಲ್ಲದ ಪಾಠ ಆಗಲೇ ನಡೆಯುತ್ತಿದೆ.

ನಾನು ನೋಡಿದೆ, ಮೆಚ್ಚಿದೆ. ಆದರೆ ಆ ತಾಯಿಯನ್ನು ಒಂದು ದಿನವೂ ತರಗತಿಗೆ ಕರೆಯಲಿಲ್ಲ.