ಮೊದಲು ಆಟ ಹಿಡಿದ ಕ್ಯಾಮೆರಾ, ಆಮೇಲೆ ಮನೆಯೊಳಗೆ ಬಂತು

ತಳಕಲ್ ಎಂದರೆ ಬಹುಕಾಲ ಗದಗ-ಕೊಪ್ಪಳ ಹಳಿಯ ಮೇಲಿನ ಒಂದು ಸಣ್ಣ ನಿಲ್ದಾಣವಷ್ಟೇ ಆಗಿತ್ತು. 2025ರಲ್ಲಿ ಇಲ್ಲಿಂದ ಕುಷ್ಟಗಿಗೆ ಹೊಸ ಹಳಿಯ ಮೇಲೆ ರೈಲು ಓಡತೊಡಗಿದ ಮೇಲೆ ಊರಿನ ಹೆಸರು ನಾಲ್ಕು ಜನರ ಬಾಯಿಗೆ ಬಂದಿದೆ. ಎಲ್ಲ ಊರುಗಳಂತೆ ಇಲ್ಲಿಯೂ ಸಂಜೆಯಾದರೆ ಒಬ್ಬ ಹುಡುಗ ಬೈಕಿನ ಮುಂದಿನ ಗಾಲಿ ಎತ್ತುತ್ತಾನೆ, ಇನ್ನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿಯುತ್ತಾನೆ. ಹಿರಿಯರು ಬೈಯುತ್ತಾರೆ, ನಾವೂ ಬೈದಿದ್ದೇವೆ. ಬೈಯುವಾಗ ನಮ್ಮ ಕಣ್ಣು ಗಾಲಿ ಎತ್ತುವವನ ಮೇಲೆಯೇ ಇರುತ್ತದೆ. ಮೊಬೈಲು ಹಿಡಿದು ನಿಂತವನನ್ನು ಯಾರೂ ಗಮನಿಸುವುದಿಲ್ಲ. ಅವನು ಏನನ್ನು ನೋಡುತ್ತಿರಬಹುದು ಎಂಬ ಪ್ರಶ್ನೆ ನಮಗೆ ಬಂದದ್ದು ‘ಮೈಂಡಿಂಗ್ ದ ಗ್ಯಾಪ್’ ಎಂಬ ಸಾಕ್ಷ್ಯಚಿತ್ರವನ್ನು ನೋಡಿದ ಮೇಲೆ.

2018ರ ಈ ಚಿತ್ರದ ನಿರ್ದೇಶಕ ಬಿಂಗ್ ಲಿಯು. ಚೀನಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಾಯಿಯೊಡನೆ ಅಮೆರಿಕಕ್ಕೆ ಹೋಗಿ, ಶಿಕಾಗೊ ನಗರಕ್ಕೆ ಸಮೀಪದ ರಾಕ್‌ಫೋರ್ಡ್‌ನಲ್ಲಿ ಬೆಳೆದವರು. ಕಾರ್ಖಾನೆಗಳು ಮುಚ್ಚಿ ಬಡವಾದ ಊರು ಅದು. ಅಲ್ಲಿನ ಹುಡುಗರಿಗೆ ಸ್ಕೇಟ್‌ಬೋರ್ಡೇ ಸರ್ವಸ್ವ. ನಾಲ್ಕು ಗಾಲಿಯ ಆ ಹಲಗೆಯ ಮೇಲೆ ನಿಂತು ಮೆಟ್ಟಿಲು ಹಾರುವುದು, ಕಂಬಿಯ ಮೇಲೆ ಜಾರುವುದು, ಬೀಳುವುದು, ಮತ್ತೆ ಏಳುವುದು. ಲಿಯು ಕೂಡ ಆಟಗಾರನೇ. ಹದಿಹರೆಯದಿಂದಲೇ ಕ್ಯಾಮೆರಾ ಹಿಡಿದು ಗೆಳೆಯರ ಆಟವನ್ನು ಚಿತ್ರಿಸುತ್ತಾ ಬಂದವನು. ಹನ್ನೆರಡು ವರ್ಷಗಳ ಅವಧಿಯ ಆ ದೃಶ್ಯಗಳೇ ಚಿತ್ರದ ಬಂಡವಾಳ. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಇದು 2019ರ ಆಸ್ಕರ್‌ಗೆ ನಾಮಕರಣಗೊಂಡಿತು. ಆಗ ಲಿಯುಗೆ ಮೂವತ್ತು ವರ್ಷ.

ಆರಂಭದಲ್ಲೇ ಹುಡುಗರು ಖಾಲಿ ರಸ್ತೆಯಲ್ಲಿ ತೇಲಿದಂತೆ ಸಾಗುತ್ತಾರೆ. ಕ್ಯಾಮೆರಾ ಅವರ ಬೆನ್ನಿಗೇ, ನೆಲಕ್ಕೆ ಹತ್ತಿರವಾಗಿ, ಒಂದಿಷ್ಟೂ ಕುಲುಕದೆ ಸಾಗುತ್ತದೆ. ಚಿತ್ರಿಸುವವನೂ ಹಲಗೆಯ ಮೇಲೆಯೇ ಇದ್ದಾನೆ. ಹಲಗೆಯ ಮೇಲೆ ಕಾಲಿಡಲು ಬಾರದವನಿಗೆ ಈ ದೃಶ್ಯ ದಕ್ಕುತ್ತಿರಲಿಲ್ಲ. ಹಾಗೆಯೇ, ಆ ಹುಡುಗರ ಜೊತೆ ಬಿದ್ದು ಎದ್ದವನಲ್ಲದಿದ್ದರೆ ಮುಂದಿನ ಮಾತುಗಳೂ ದಕ್ಕುತ್ತಿರಲಿಲ್ಲ.

ಏಕೆಂದರೆ ಚಿತ್ರ ಮೆಲ್ಲನೆ ಆಟವನ್ನು ಬಿಟ್ಟು ಮನೆಯೊಳಗೆ ಕಾಲಿಡುತ್ತದೆ. ಗೆಳೆಯ ಕೀರ್ ಕಪ್ಪು ಜನಾಂಗದ ಹುಡುಗ. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ. ತಂದೆ ಹೊಡೆಯುತ್ತಿದ್ದ ರೀತಿಯ ಬಗ್ಗೆ ಕೇಳಿದಾಗ, ಅದನ್ನು ಈಗ ಮಕ್ಕಳ ಮೇಲಿನ ದೌರ್ಜನ್ಯ ಎನ್ನುತ್ತಾರೆ ಎಂಬರ್ಥದ ಮಾತನ್ನು ಸಲೀಸಾಗಿ ಹೇಳಿಬಿಡುತ್ತಾನೆ. ಅದೇ ಕೀರ್ ಸತ್ತ ತಂದೆಯ ಸಮಾಧಿಯನ್ನು ಹುಡುಕಿಕೊಂಡು ಹೋಗಿ ಅಳುತ್ತಾನೆ. ಏಟೂ ನಿಜ, ಪ್ರೀತಿಯೂ ನಿಜ. ಚಿತ್ರ ಯಾವುದನ್ನೂ ಅಳಿಸುವುದಿಲ್ಲ. ಇನ್ನೊಬ್ಬ ಗೆಳೆಯ ಝ್ಯಾಕ್. ನಗಿಸುವವನು, ಗುಂಪಿನ ನಾಯಕನಂಥವನು, ಎಳೆಯ ವಯಸ್ಸಿಗೇ ತಂದೆಯಾದವನು. ಅವನು ತನ್ನ ಮಗುವಿನ ತಾಯಿ ನೀನಾಳಿಗೆ ಹೊಡೆಯುತ್ತಾನೆಂಬುದು ಚಿತ್ರಿಸುತ್ತಿರುವವನಿಗೆ ನಡುವಿನಲ್ಲಿ ತಿಳಿಯುತ್ತದೆ. ಈಗ ಗೆಳೆಯನೇನು ಮಾಡಬೇಕು? ನಿರ್ದೇಶಕನೇನು ಮಾಡಬೇಕು? ಲಿಯು ಸ್ವತಃ ಮಲತಂದೆಯ ಕೈಯಲ್ಲಿ ಪೆಟ್ಟು ತಿಂದು ಬೆಳೆದವನು. ಆದುದರಿಂದ ಈ ಪ್ರಶ್ನೆ ಅವನಿಗೆ ದೂರದ್ದಲ್ಲ.

ಚಿತ್ರದ ಅತ್ಯಂತ ಕಷ್ಟದ ದೃಶ್ಯದಲ್ಲಿ ಅವನು ತನ್ನ ತಾಯಿಯನ್ನೇ ಎದುರಿಗೆ ಕೂರಿಸಿಕೊಂಡು ಆ ದಿನಗಳ ಬಗ್ಗೆ ಕೇಳುತ್ತಾನೆ. ಒಂದು ಕ್ಯಾಮೆರಾ ತಾಯಿಯ ಮೇಲಿದ್ದರೆ ಇನ್ನೊಂದನ್ನು ತನ್ನ ಮೇಲೆಯೇ ತಿರುಗಿಸಿಕೊಂಡಿದ್ದಾನೆ. ತಾಯಿ ಅಳುತ್ತಾಳೆ. ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ನಮಗೆ ಅನಿಸಿತು. ಆದರೆ ಪ್ರಶ್ನಿಸುವವನ ಮುಖವೂ ಕಾಣುತ್ತಿರುವುದರಿಂದ ಅದು ವಿಚಾರಣೆಯಾಗದೆ ಉಳಿಯಿತು.

ಇದೇ ಆಟದ ಬಗ್ಗೆ ನಮ್ಮ ದೇಶದಲ್ಲಿ ಬಂದ ‘ಸ್ಕೇಟರ್ ಗರ್ಲ್’ (2021) ಕಥಾಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಲಂಡನ್ನಿನಿಂದ ಬಂದ ಒಬ್ಬಳಿಂದಾಗಿ ರಾಜಸ್ಥಾನದ ಹಳ್ಳಿಯ ಮಕ್ಕಳಿಗೆ ಹಲಗೆ ಸಿಗುತ್ತದೆ. ಅದರ ಬಲದಿಂದ ಒಬ್ಬ ಹುಡುಗಿ ಮದುವೆಯನ್ನೇ ಬಿಟ್ಟು ಹೊರಡುತ್ತಾಳೆ. ಸದುದ್ದೇಶದ ಚಿತ್ರವೇ. ಅದಕ್ಕಾಗಿ ಖೇಮ್‌ಪುರದಲ್ಲಿ ಕಟ್ಟಿದ ಆಟದ ಅಂಗಳ ಮಕ್ಕಳಿಗೆ ಉಳಿಯಿತು ಎಂಬುದು ಅದರ ನಿಜವಾದ ಪುಣ್ಯ. ಆದರೆ ಅಲ್ಲಿ ಹಲಗೆ ಒಂದು ಮಂತ್ರದಂಡ. ರಾಕ್‌ಫೋರ್ಡ್‌ನಲ್ಲಿ ಹಾಗಲ್ಲ. ಹಲಗೆ ಅಲ್ಲಿ ಒಂದು ಗಂಟೆಯ ಮಟ್ಟಿಗೆ ಮನೆಯನ್ನು ಮರೆಸುತ್ತದೆ, ಅಷ್ಟೆ. ಚೆನ್ನಾಗಿ ಆಡುವ ಝ್ಯಾಕ್ ಮನೆಗೆ ಹೋಗಿ ಹೊಡೆಯುತ್ತಾನೆ.

‘ಮನೆಯ ಮಾತನ್ನು ಹೀಗೆ ಬೀದಿಗೆ ತರಬಹುದೇ?’ ನಮ್ಮೊಂದಿಗೆ ಚಿತ್ರ ನೋಡಿದ ಹಿರಿಯರೊಬ್ಬರು ಕೇಳಿದರು. ಕನ್ನಡಕ್ಕೆ ಇದು ಹಳೆಯ ಪ್ರಶ್ನೆ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ತೆಗೆದರು. ಗಂಡ ಕೈಬಿಟ್ಟ ಹೆಣ್ಣು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆಯೇ ನ್ಯಾಯ ಕೇಳಿ ಕೂರುತ್ತಾಳೆ. ಮಾನ ಹೋಗುವುದು ಅವಳು ಬಾಯಿ ತೆರೆದುದರಿಂದಲೋ, ಅವಳನ್ನು ಅಲ್ಲಿ ಕೂರುವಂತೆ ಮಾಡಿದವರಿಂದಲೋ? ಲಿಯುವಿನ ಚಿತ್ರ ನೋಡಿದಾಗಲೂ ನಾವು ಇದನ್ನೇ ಕೇಳಿಕೊಂಡೆವು. ಕೌಟುಂಬಿಕ ಹಿಂಸೆಯ ವಿರುದ್ಧ ಮಹಿಳೆಯರಿಗೆ ರಕ್ಷಣೆ ನೀಡುವ ಕಾಯ್ದೆ ನಮ್ಮಲ್ಲಿ 2005ರಲ್ಲೇ ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದೆನ್ನುತ್ತದೆ. ಮನೆಯಲ್ಲಿ ಬೀಳುವ ಪೆಟ್ಟಿಗೆ ಮಾತ್ರ ‘ಬುದ್ಧಿ ಕಲಿಸುವುದು’ ಎಂಬ ಹೆಸರೇ ಇನ್ನೂ ನಡೆಯುತ್ತಿದೆ.

ಚಿತ್ರದ ಬಗ್ಗೆ ನಮ್ಮದೊಂದು ಆಕ್ಷೇಪವೂ ಇದೆ. ನೀನಾ ತಡವಾಗಿ ಮಾತಾಡುತ್ತಾಳೆ. ಅಷ್ಟು ಹೊತ್ತಿಗೆ ಝ್ಯಾಕನ ನಗು ನಮಗೆ ಹಿಡಿಸಿಬಿಟ್ಟಿರುತ್ತದೆ. ಅವನ ಬಡತನ, ಕುಡಿತ, ಬಾಲ್ಯದ ವಿವರಗಳು ಅವನ ಪರವಾಗಿ ಸಾಕ್ಷಿ ನುಡಿದಿರುತ್ತವೆ. ಕೊನೆಗೆ ಲಿಯು ಅವನನ್ನು ನೇರವಾಗಿ ಕೇಳುತ್ತಾನೆ ನಿಜ, ಝ್ಯಾಕ್ ತನ್ನನ್ನು ಸಮರ್ಥಿಸಿಕೊಳ್ಳುವುದೂ ದಾಖಲಾಗಿದೆ. ಆದರೂ ಗೆಳೆತನದ ಕ್ಯಾಮೆರಾ ಗೆಳೆಯನ ಕಡೆಗೆ ಒಂದು ಗುಲಗಂಜಿಯಷ್ಟು ಹೆಚ್ಚು ವಾಲುತ್ತದೆ. ನೀನಾಳನ್ನು ಅಡುಗೆಮನೆಯಿಂದಲೇ ಹಿಂಬಾಲಿಸಿದ್ದರೆ ಇದೇ ಚಿತ್ರ ಬೇರೆಯಾಗುತ್ತಿತ್ತು.

ಬೆಂಗಳೂರಿನಲ್ಲಿ ಅತಿತಾ ವರ್ಗೀಸ್ ‘ಗರ್ಲ್ ಸ್ಕೇಟ್ ಇಂಡಿಯಾ’ ಕಟ್ಟಿ ಹೆಣ್ಣುಮಕ್ಕಳನ್ನು ಈ ಹಲಗೆಯ ಮೇಲೆ ನಿಲ್ಲಿಸಿದ್ದಾರೆ. ಆ ಹುಡುಗಿಯರಲ್ಲೊಬ್ಬಳು ಕ್ಯಾಮೆರಾ ಹಿಡಿದು ತನ್ನ ಮನೆಗೆ ಹೋದರೆ ಆ ಚಿತ್ರವನ್ನು ನೋಡಲು ನಾವು ಕಾದಿದ್ದೇವೆ.