ಮುತ್ಯಾನ ಹೊದಿಕೆ ಮೇಲೆ ಗಿಟಾರ್ ಯಾಕೆ?

ಗಿಫ್ಟ್ ಅಂದ್ರೆ ಸರ್‌ಪ್ರೈಸ್ ಇರಲೇಬೇಕು ಅನ್ನೋದು ನಮ್ಮ ಪೀಳಿಗೆಯ ಅಲಿಖಿತ ನಿಯಮ. ಹೊದಿಯುವ ಕೌದಿಗೆ ಮಾತ್ರ ಈ ನಿಯಮ ಹೊಂದೋದಿಲ್ಲ ಅಂತ ನನ್ನ ವಾದ.

ಈಗ ‘ಪರ್ಸನಲೈಸ್ಡ್ ಕ್ವಿಲ್ಟ್’ ಅಂತ ಒಂದು ವಸ್ತು ಆನ್‌ಲೈನ್‌ನಲ್ಲಿ ಸಿಗುತ್ತೆ. ಹೆಸರು ಟೈಪ್ ಮಾಡಿ, ಫೋಟೋ ಹಾಕಿ, ಪಟ್ಟಿಯಲ್ಲಿ ಅವರ ಹವ್ಯಾಸ ಆರಿಸಿ, ದುಡ್ಡು ಕಟ್ಟಿ. ಅಷ್ಟೇ. ಕಮಲಾಪುರದಲ್ಲಿರೋ ನಮ್ಮ ಮುತ್ಯಾಗೆ ನನ್ನ ಕಾಕಾನ ಮಗ ಬೆಂಗಳೂರಿನಿಂದ ಇಂಥದ್ದೊಂದು ಕಳಿಸಿದ. ಮುತ್ಯಾನ ಹವ್ಯಾಸ ಭಜನೆ. ಪಟ್ಟಿಯಲ್ಲಿ ಭಜನೆ ಇರಲಿಲ್ಲ, ‘ಮ್ಯೂಸಿಕ್’ ಇತ್ತು. ಹೀಗಾಗಿ ಏಕತಾರಿ, ದಮ್ಮಡಿ ಜೊತೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿಕೊಂಡು ಬಂದ ಮನುಷ್ಯನ ಹೊದಿಕೆ ಮೇಲೆ ಗಿಟಾರು, ಪಿಯಾನೋ ಬಂದು ಕೂತವು. “ಛಲೋ ಅದ, ಹಗುರ ಅದ” ಅಂದು ಮುತ್ಯಾ ಅದನ್ನ ಮಡಚಿ ಟ್ರಂಕಿನ ಮೇಲೆ ಇಟ್ಟ.

ಹಗುರ ಅನ್ನೋದು ಸುಳ್ಳು ಹೊಗಳಿಕೆ ಅಲ್ಲ. ಪಾಲಿಯೆಸ್ಟರ್ ಹೊದಿಕೆ ಮಷೀನಿಗೆ ಹಾಕಬಹುದು, ಬೇಗ ಒಣಗುತ್ತೆ. ನೆನೆದ ಕೌದಿಯನ್ನ ಹಿಂಡೋಕೆ ಇಬ್ಬರು ಬೇಕು. ಆದ್ದರಿಂದ ನನ್ನ ತಕರಾರು ಮಷೀನಿನ ಮೇಲೂ ಅಲ್ಲ, ಪ್ರಿಂಟಿನ ಮೇಲೂ ಅಲ್ಲ. ಹವ್ಯಾಸದ ಚಿತ್ರ ಹಾಕಿದರೆ ಆ ವಸ್ತು ಆ ಮನುಷ್ಯನದ್ದಾಗುತ್ತೆ ಅನ್ನೋ ತಿಳುವಳಿಕೆ ಮೇಲೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಇದು ರಿಕ್ವೈರ್‌ಮೆಂಟ್ ಕೇಳದೆ ಮಾಡಿದ ಡೆಲಿವರಿ.

ನಮ್ಮ ಕಡೆಯ ಕೌದಿ ಬೇರೆ ದಾರಿ ಹಿಡಿಯುತ್ತೆ. ಹಳೇ ಸೀರೆ, ಧೋತರ, ಅಂಗಿಗಳನ್ನ ಒಂದರ ಮೇಲೊಂದು ಹಾಸಿ, ಮೇಲೆ ತುಂಡು ಬಟ್ಟೆ ಕೂಡಿಸಿ, ಉದ್ದಕ್ಕೂ ಸಣ್ಣ ಸಣ್ಣ ಹೊಲಿಗೆ ಹಾಕೋದು. ನೂರು ಸಲ ತೊಳೆದ ಹತ್ತಿ ಬಟ್ಟೆಯ ಮೆತ್ತಗಿನ ಗುಣ ಹೊಸ ಬಟ್ಟೆಗೆ ಬರೋದಿಲ್ಲ. ಅದರಲ್ಲಿ ಯಾರ ಚಿತ್ರವೂ ಇರೋದಿಲ್ಲ. ಆದರೂ ಮನೆಯವರು ಬೆರಳಿಟ್ಟು ಹೇಳ್ತಾರೆ: ಇದು ಅವ್ವನ ಇಳಕಲ್ ಸೀರಿ, ಇದು ತಮ್ಮನ ಸಾಲಿ ಅಂಗಿ.

ಇದು ನಮ್ಮ ಊರಿನ ಅಭಿಮಾನದ ಮಾತಷ್ಟೇ ಅಲ್ಲ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಅಂತ ಒಂದು ಹಳ್ಳಿ ಇದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳು ಹೊಲಿದ ಕ್ವಿಲ್ಟ್‌ಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಮೇಲೆ ಬಂದವು. ಅಲ್ಲಿನ ಮಿಸ್ಸೌರಿ ಪೆಟ್‌ವೇ ಅನ್ನೋರು ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಅವನ ದುಡಿಮೆಯ ಬಟ್ಟೆಗಳನ್ನೇ ಕತ್ತರಿಸಿ ಒಂದು ಕ್ವಿಲ್ಟ್ ಹೊಲಿದರು. ಅದರಲ್ಲಿ ನೇಗಿಲಿನ ಚಿತ್ರ ಇಲ್ಲ, ಹೊಲದ ಚಿತ್ರ ಇಲ್ಲ. ಮಾಸಿದ ಬಣ್ಣ ಇದೆ, ಸವೆದ ಬಟ್ಟೆ ಇದೆ. ಆ ಮನುಷ್ಯ ಹೇಗೆ ಬದುಕಿದ ಅಂತ ತಿಳಿಯೋಕೆ ಅಷ್ಟು ಸಾಕು.

ಹಾಗಾದರೆ ಬದುಕಿರೋರಿಗೆ ಅವರ ಹವ್ಯಾಸದ ಕೌದಿ ಮಾಡಬಾರದಾ? ಮಾಡಬಹುದು. ಆದರೆ ಕೇಳಬೇಕು. ಸರ್‌ಪ್ರೈಸ್ ಸೋಲೋದು ಇಲ್ಲೇ. ಕೇಳದೇ ಇದ್ದಾಗ ನಮ್ಮ ಕೈಗೆ ಸಿಗೋದು ರೆಡಿಮೇಡ್ ಗಿಟಾರ್ ಮಾತ್ರ. ಇನ್ನೊಬ್ಬರ ಬಟ್ಟೆಗೆ ಕತ್ತರಿ ಹಾಕಬೇಕಂದ್ರೆ ಅವರ ಮುಂದೆ ಕೂರಲೇಬೇಕು. ಈ ಸಲ ರಜೆಯಲ್ಲಿ ನಾನೂ ನಮ್ಮ ಆಯಿನೂ ಮುತ್ಯಾನ ಟ್ರಂಕು ತೆಗೆಸಿದ್ವಿ. ಒಂದು ಶಾಲು ಎತ್ತಿದ್ರೆ “ಅದು ಬ್ಯಾಡ, ಇನ್ನಾ ಹೊಚ್ಕೋತೀನಿ” ಅಂದ. ಒಂದು ಹರಕು ಧೋತರ ಎತ್ತಿದ್ರೆ, ಅದನ್ನ ಉಟ್ಟು ರಾತ್ರಿಯಿಡೀ ಹಾಡಿದ ಜಾತ್ರೆ ಯಾವುದು, ಜೊತೆಗೆ ದಮ್ಮಡಿ ಬಾರಿಸಿದವರು ಯಾರು, ಅವರಲ್ಲಿ ಈಗ ಯಾರಿಲ್ಲ, ಎಲ್ಲ ಹೇಳಿದ. ಏಕತಾರಿಗೆ ಸುತ್ತಿಡುತ್ತಿದ್ದ ಕೆಂಪು ವಸ್ತ್ರವನ್ನ ತಾನೇ ತೆಗೆದು ಕೊಟ್ಟ: “ಇದು ನಡುವ ಇರಲಿ.” ಯಾವ ಥೀಮ್ ಪಟ್ಟಿಯೂ ಈ ಡಿಸೈನ್ ಕೊಡೋದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಈ ವಿಮರ್ಶೆ ಅರ್ಧ. ಕೌದಿ ಅಂದ್ರೆ ಪ್ರೀತಿ, ಅಜ್ಜಿಯ ಬೆಚ್ಚಗಿನ ನೆನಪು ಅಂತ ಹಾಡಿಹೊಗಳೋ ನಾವು ಅದನ್ನ ಹೊಲಿಯೋ ಕೈಗಳ ಲೆಕ್ಕ ಇಡೋದಿಲ್ಲ. ಬೆನ್ನು ಬಗ್ಗಿಸಿ, ಕಣ್ಣು ಕಿರಿದು ಮಾಡಿ ದಿನಗಟ್ಟಲೆ ಕೂರೋ ಕೆಲಸ ಅದು. ಓಣಿ ಓಣಿ ತಿರುಗಿ ಹಳೇ ಬಟ್ಟೆ ತಗೊಂಡು ಕೌದಿ ಹೊಲಿದುಕೊಡೋ ಹೆಣ್ಣುಮಕ್ಕಳ ಹತ್ತಿರ ನಾವು ಐವತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಆನ್‌ಲೈನ್ ಪ್ರಿಂಟಿಗೆ ತೋರಿಸಿದ ಬೆಲೆ ಕೊಟ್ಟು, ಡೆಲಿವರಿ ಚಾರ್ಜನ್ನೂ ಸೇರಿಸ್ತೀವಿ.

ಆಯಿಗೆ ಈಗ ಕಣ್ಣು ಮಂಜು. ಅದಕ್ಕೇ ಕಲಬುರಗಿ ಸೂಪರ್ ಮಾರ್ಕೆಟ್‌ನಿಂದ ದಪ್ಪ ನೂಲು ತಂದು, ಓಣಿಗೆ ಬರೋ ಒಬ್ಬ ಅವ್ವಾರಿಗೆ ಕೆಲಸ ಒಪ್ಪಿಸಿದ್ವಿ. ಮೊದಲು ಕೂಲಿ ಮಾತಾಡಿದ್ವಿ, ಚೌಕಾಸಿ ಮಾಡಲಿಲ್ಲ. ಆಮೇಲೆ ಆಯಿನ ಕೇಳಿದೆ, “ನಿನಗೇನು ಇಷ್ಟ, ನಿನ್ನ ಕೌದಿಯೊಳಗ ಏನಿರಬೇಕು?” ಇಷ್ಟು ವರ್ಷ ಎಲ್ಲರಿಗೂ ಹೊಲಿದುಕೊಟ್ಟವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ವಿಚಾರ ಮಾಡಿ ಹೇಳ್ತೀನಿ” ಅಂದಳು. ಇನ್ನೂ ಹೇಳಿಲ್ಲ. ಕಾಯ್ತಾ ಇದೀನಿ.