ಉತ್ತರ ಮತ್ತು ಉತ್ತರದಾಯಿತ್ವ: ಯಂತ್ರನಿರ್ಮಿತ ಸಾನ್ನಿಧ್ಯದ ವಿವೇಚನೆ

೧

ಇಲ್ಲದ್ದನ್ನು ಇರುವಂತೆ ಕಾಣಿಸುವುದು ಕಲೆಗಳ ಅತಿ ಪ್ರಾಚೀನ ಕೆಲಸ. ಚಿತ್ರ, ಶಿಲ್ಪ, ನಾಟಕಗಳು ತಮ್ಮ ತಮ್ಮ ಸಾಧನಗಳಿಂದ ಇದನ್ನು ಸಾಧಿಸಿವೆ. ಈ ಸಾಧನೆಯನ್ನು ಕುರಿತ ಮೀಮಾಂಸೆಗೂ ದೀರ್ಘ ಪರಂಪರೆಯಿದೆ. ಕಳೆದ ಆರು ದಶಕಗಳಿಂದ ಗಣಕಯಂತ್ರವೂ ಇದೇ ಕೆಲಸಕ್ಕೆ ಕೈಹಾಕಿದೆ. ತಲೆಗೆ ಧರಿಸುವ ಸಾಧನದ ಮೂಲಕ ನೋಡುಗನ ಸುತ್ತ ಒಂದು ಲೋಕವನ್ನೇ ಕಟ್ಟಿಕೊಡುವ ವರ್ಚುವಲ್ ರಿಯಾಲಿಟಿ ಒಂದು ಬಗೆಯದು. ಮನುಷ್ಯರಂತೆ ಸಂಭಾಷಿಸುವ ಕೃತಕ ಬುದ್ಧಿಮತ್ತೆ ಇನ್ನೊಂದು ಬಗೆಯದು. ಮೊದಲನೆಯದು ‘ನಾನು ಅಲ್ಲಿದ್ದೇನೆ’ ಎಂಬ ಭಾವವನ್ನು ಹುಟ್ಟಿಸಿದರೆ, ಎರಡನೆಯದು ‘ಇಲ್ಲಿ ನನ್ನೊಡನೆ ಇನ್ನೊಬ್ಬರಿದ್ದಾರೆ’ ಎಂಬ ಭಾವವನ್ನು ಹುಟ್ಟಿಸುತ್ತದೆ. ಈ ಎರಡು ಭಾವಗಳಿಗೂ ಮೂಲವಾದದ್ದು ಯಾವುದು, ಅದರ ಮಿತಿ ಯಾವುದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲಿಷಿನ ‘ಪ್ರೆಸೆನ್ಸ್’ ಎಂಬ ಪರಿಭಾಷೆಗೆ ಕನ್ನಡದಲ್ಲಿ ‘ಇರುವಿಕೆ’, ‘ಉಪಸ್ಥಿತಿ’, ‘ಸಾನ್ನಿಧ್ಯ’ ಎಂಬ ಮೂರು ಪದಗಳು ಒದಗುತ್ತವೆ. ‘ಇರುವಿಕೆ’ ಒಂದು ವಸ್ತು ಇದೆ ಎಂಬುದನ್ನಷ್ಟೇ ಹೇಳುತ್ತದೆ. ‘ಉಪಸ್ಥಿತಿ’ ಸಭೆ ಸಮಾರಂಭಗಳ ಹಾಜರಾತಿಗೆ ಸಂದುಹೋಗಿದೆ. ‘ಸಾನ್ನಿಧ್ಯ’ದಲ್ಲಿ ಮಾತ್ರ ಸಮೀಪದ ಅರ್ಥವಿದೆ. ಯಾರ ಸಮೀಪ ಎಂಬ ಪ್ರಶ್ನೆಯನ್ನು ಆ ಪದವೇ ಎತ್ತುವುದರಿಂದ ಅದು ಒಂದು ಸಂಬಂಧವನ್ನು ಸೂಚಿಸುತ್ತದೆ, ವಸ್ತುವೊಂದರ ಗುಣವನ್ನಲ್ಲ. ಈ ಕಾರಣದಿಂದ ಇಲ್ಲಿ ಆ ಪದವನ್ನೇ ಬಳಸಲಾಗಿದೆ.

೨

ಈ ಕ್ಷೇತ್ರದ ಮೊದಲ ಚಿಂತಕರಲ್ಲಿ ಐವನ್ ಸದರ್‌ಲ್ಯಾಂಡ್ ಪ್ರಮುಖರು. ೧೯೬೫ರ ‘ದಿ ಅಲ್ಟಿಮೇಟ್ ಡಿಸ್‌ಪ್ಲೇ’ ಎಂಬ ಕಿರುಪ್ರಬಂಧದಲ್ಲಿ ಅವರು, ಗಣಕಯಂತ್ರವು ತೋರಿಸುವ ಕುರ್ಚಿಯ ಮೇಲೆ ಕುಳಿತುಕೊಳ್ಳಲೂ ಸಾಧ್ಯವಾಗುವಂತಹ ಕೋಣೆಯೊಂದನ್ನು ಕಲ್ಪಿಸಿದರು. ೧೯೬೮ರಲ್ಲಿ ಅವರು ಪ್ರದರ್ಶಿಸಿದ ಶಿರೋಧಾರಿ ಸಾಧನವಾದರೋ ಬರಿಯ ಗೆರೆಗಳಿಂದ ರಚಿತವಾದ ಆಕೃತಿಗಳನ್ನಷ್ಟೇ ತೋರಿಸಬಲ್ಲದಾಗಿತ್ತು. ಅದರಲ್ಲಿ ಬಣ್ಣವಿರಲಿಲ್ಲ, ನೆರಳಿರಲಿಲ್ಲ. ಆದರೆ ತಲೆ ತಿರುಗಿದಂತೆಲ್ಲ ಆಕೃತಿಯ ನೋಟವೂ ಬದಲಾಗುತ್ತಿತ್ತು. ಆ ಸಾಧನದ ಹೊಸತನವಿದ್ದುದು ಇಲ್ಲಿಯೇ: ನೋಡುಗನ ಚಲನೆಗೆ ಚಿತ್ರವು ಉತ್ತರ ಕೊಡತೊಡಗಿತ್ತು. ೧೯೮೦ರಲ್ಲಿ ಮಾರ್ವಿನ್ ಮಿನ್‌ಸ್ಕಿ ದೂರದ ಯಂತ್ರಗಳನ್ನು ನಡೆಸುವವನ ಅನುಭವವನ್ನು ಕುರಿತು ‘ಟೆಲಿಪ್ರೆಸೆನ್ಸ್’ ಎಂಬ ಪದವನ್ನು ಪ್ರಚಾರಕ್ಕೆ ತಂದಾಗಲೂ ಈ ಕ್ರಿಯೆ ಪ್ರತಿಕ್ರಿಯೆಗಳ ಸಂಬಂಧವೇ ಮುಖ್ಯವಾಗಿತ್ತು.

ಮುಂದಿನ ಪ್ರಯೋಗಗಳು ಇದನ್ನು ಸಮರ್ಥಿಸಿದವು. ಅಮೆರಿಕದ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಸಂಶೋಧಕರು ಕೋಣೆಯ ನಡುವೆ ಆಳವಾದ ಕಂದಕವಿರುವಂತೆ ತೋರುವ ದೃಶ್ಯವೊಂದನ್ನು ರಚಿಸಿ, ಅದರ ಅಂಚಿನಲ್ಲಿ ನಿಂತವರ ಹೃದಯಬಡಿತವನ್ನು ಅಳೆದು ೨೦೦೨ರಲ್ಲಿ ಪ್ರಕಟಿಸಿದರು. ಕಾಲ ಕೆಳಗೆ ಗಟ್ಟಿ ನೆಲವಿದೆಯೆಂದು ತಿಳಿದವರ ಹೃದಯಬಡಿತವೂ ಏರಿತು. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ೧೫ರಿಂದ ೨೦ಕ್ಕೆ, ೩೦ಕ್ಕೆ ಹೆಚ್ಚಿದಂತೆ ಈ ಪ್ರತಿಕ್ರಿಯೆಯೂ ಹೆಚ್ಚಿತು. ದೃಶ್ಯ ಅದೇ, ಅದು ದೇಹಕ್ಕೆ ಉತ್ತರಿಸುವ ವೇಗ ಮಾತ್ರ ಬೇರೆಯಾಗಿತ್ತು.

ಇದಕ್ಕೆ ತೀರ ವಿರುದ್ಧವಾದ ದಾರಿಯಲ್ಲಿ ನಡೆದದ್ದು ‘ಎಲೈಜಾ’. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ೧೯೬೬ರಲ್ಲಿ ಪ್ರಕಟಿಸಿದ ಈ ಸಂಭಾಷಣಾ ಕ್ರಮವಿಧಿಗೆ ರೂಪವಿರಲಿಲ್ಲ, ದನಿಯಿರಲಿಲ್ಲ. ಎದುರಿನವರು ಬೆರಳಚ್ಚಿಸಿದ ವಾಕ್ಯದಲ್ಲಿ ಒಂದು ಪದವನ್ನು ಹಿಡಿದು, ಆ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಮರಳಿಸುವುದಷ್ಟೇ ಅದರ ತಂತ್ರ. ಆದರೂ ಈ ಕ್ರಮವಿಧಿಯು ಸಿದ್ಧವಾಗುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ತಮ್ಮ ಕಾರ್ಯದರ್ಶಿಯೇ, ಅದರೊಡನೆ ಸಂಭಾಷಣೆ ಆರಂಭಿಸಿದ ಸ್ವಲ್ಪ ಹೊತ್ತಿನಲ್ಲಿ ತಮ್ಮನ್ನು ಕೋಣೆಯಿಂದ ಹೊರಗಿರುವಂತೆ ಕೇಳಿಕೊಂಡರೆಂದು ವೈಜೆನ್‌ಬಾಮ್ ೧೯೭೬ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ.

೧೯೯೭ರಲ್ಲಿ ಮ್ಯಾಥ್ಯೂ ಲೊಂಬಾರ್ಡ್ ಮತ್ತು ತೆರೇಸಾ ಡಿಟ್ಟನ್ ಸಾನ್ನಿಧ್ಯಕ್ಕೆ ಕೊಟ್ಟ ಲಕ್ಷಣವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ನಡುವೆ ಮಾಧ್ಯಮವೇ ಇಲ್ಲವೆಂಬ ಇಂದ್ರಿಯಗ್ರಾಹ್ಯ ಭ್ರಮೆಯೇ ಸಾನ್ನಿಧ್ಯವೆಂಬುದು ಅದರ ಸಾರ. ಈ ಲಕ್ಷಣವು ಬಹುಮಾನ್ಯವಾಗಿದೆಯಾದರೂ ಮೇಲಿನ ನಿದರ್ಶನಗಳಿಗೆ ಪೂರ್ಣವಾಗಿ ಹೊಂದುವುದಿಲ್ಲ. ಸದರ್‌ಲ್ಯಾಂಡರ ಸಾಧನವನ್ನು ಚಾವಣಿಗೆ ಜೋಡಿಸಲಾಗಿತ್ತು. ತಲೆಗೆ ಅದನ್ನು ತೊಟ್ಟವನಿಗೆ ಮಾಧ್ಯಮವು ಮರೆಯುವಂಥದಾಗಿರಲಿಲ್ಲ. ಎಲೈಜಾದ ಮುಂದೆ ಕುಳಿತವರಿಗೆ ಕಾಣುತ್ತಿದ್ದುದು ಬೆರಳಚ್ಚುಯಂತ್ರವೊಂದೇ. ಮಾಧ್ಯಮವು ಎದ್ದು ಕಾಣುತ್ತಿದ್ದಾಗಲೂ ಸಾನ್ನಿಧ್ಯವು ಹುಟ್ಟಿತೆಂದ ಮೇಲೆ ಅದರ ಮೂಲವನ್ನು ಬೇರೆಡೆ ಹುಡುಕಬೇಕಾಗುತ್ತದೆ. ದೇಹದ ಚಲನೆಗೆ ದೃಶ್ಯದ ಉತ್ತರ, ಮಾತಿಗೆ ಮಾತಿನ ಉತ್ತರ: ಈ ಎರಡರಲ್ಲಿಯೂ ಸಮಾನವಾಗಿರುವ ಅಂಶವೆಂದರೆ ಪ್ರತ್ಯುತ್ತರ. ಸಾದೃಶ್ಯವು ಅದಕ್ಕೆ ಸಹಾಯಕ ಮಾತ್ರ.

೩

ಇಲ್ಲಿ ಭಾರತೀಯ ಕಾವ್ಯಮೀಮಾಂಸೆಯ ಒಂದು ಚರ್ಚೆ ನೆರವಿಗೆ ಬರುತ್ತದೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (೧೯೫೩) ಗ್ರಂಥದಿಂದಾಗಿ ಕನ್ನಡ ವಿದ್ವತ್ತಿಗೆ ಸುಪರಿಚಿತವಾಗಿರುವ ರಸವಿಚಾರದಲ್ಲಿ ಶಂಕುಕನ ‘ಚಿತ್ರತುರಗ ನ್ಯಾಯ’ವು ಗಮನಾರ್ಹವಾದುದು. ರಂಗದ ಮೇಲಿನ ನಟನನ್ನು ಕಂಡು ‘ಇವನು ರಾಮ’ ಎಂದುಕೊಳ್ಳುವ ಪ್ರೇಕ್ಷಕನ ಅರಿವು ಯಥಾರ್ಥ ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಚಿತ್ರದಲ್ಲಿರುವ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಂತೆ ಅದು ಇವೆಲ್ಲಕ್ಕಿಂತ ಬೇರೆಯಾದ ಪ್ರತೀತಿ ಎಂಬುದು ಶಂಕುಕನ ನಿಲುವು. ಕಂದಕದ ಅಂಚಿನಲ್ಲಿ ನಿಂತವನ ಸ್ಥಿತಿಗೆ ಈ ವಿವರಣೆಯು ಬಹುಮಟ್ಟಿಗೆ ಹೊಂದುತ್ತದೆ. ಅವನು ಮೋಸಹೋಗಿಲ್ಲ, ಸಂಶಯದಲ್ಲಿಯೂ ಇಲ್ಲ. ಆದರೂ ಎದೆ ಬಡಿದುಕೊಳ್ಳುತ್ತದೆ. ಮೆಲ್ ಸ್ಲೇಟರ್ ೨೦೦೯ರಲ್ಲಿ ‘ಸ್ಥಳಭ್ರಮೆ’ ಮತ್ತು ‘ಸಂಭವನೀಯತೆಯ ಭ್ರಮೆ’ ಎಂದು ವಿಂಗಡಿಸಿ, ನಿಜವಲ್ಲವೆಂಬ ಖಚಿತ ತಿಳಿವಳಿಕೆಯೊಡನೆಯೇ ಇವು ನಿಲ್ಲುತ್ತವೆಂದು ವಾದಿಸಿದ್ದು ಇದೇ ದಿಕ್ಕಿನ ಚಿಂತನೆ.

ಆದರೆ ಹೋಲಿಕೆಯು ಒಂದು ಹಂತದಲ್ಲಿ ನಿಂತುಹೋಗುತ್ತದೆ. ಚಿತ್ರದ ಕುದುರೆ ಕರೆದರೆ ತಿರುಗುವುದಿಲ್ಲ. ಯಂತ್ರದ ಕುದುರೆ ತಿರುಗುತ್ತದೆ. ತಿರುಗಿದ ಕ್ಷಣದಿಂದ ನೋಡುಗನು ಪ್ರೇಕ್ಷಕನಾಗಿ ಉಳಿಯದೆ ಪಾತ್ರಧಾರಿಯಾಗುತ್ತಾನೆ; ಅವನು ಮಾಡಿದ್ದಕ್ಕೆ ಪರಿಣಾಮವಿದೆಯೆಂಬ ಭಾವ ಮೂಡುತ್ತದೆ. ಇದಕ್ಕೆ ಸ್ಲೇಟರ್ ಮತ್ತು ಸಂಗಡಿಗರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗವೇ ಸಾಕ್ಷಿ. ಅಧಿಕಾರಕ್ಕೆ ಮಣಿಯುವ ಮನುಷ್ಯಸ್ವಭಾವವನ್ನು ಕುರಿತು ಸ್ಟಾನ್ಲಿ ಮಿಲ್‌ಗ್ರಾಮ್ ೧೯೬೦ರ ದಶಕದ ಆರಂಭದಲ್ಲಿ ನಡೆಸಿದ ವಿವಾದಾತ್ಮಕ ಪ್ರಯೋಗವನ್ನು ಅವರು ಕಲ್ಪಿತ ಸ್ತ್ರೀರೂಪವೊಂದನ್ನು ಬಳಸಿ ಪುನಾರಚಿಸಿದರು. ಭಾಗವಹಿಸಿದ ೩೪ ಮಂದಿಯಲ್ಲಿ ೨೩ ಮಂದಿ ಆಕೆಯನ್ನು ನೋಡುತ್ತ, ಕೇಳುತ್ತ ತಪ್ಪು ಉತ್ತರಗಳಿಗೆ ವಿದ್ಯುದಾಘಾತ ನೀಡಬೇಕಿತ್ತು. ಉಳಿದ ೧೧ ಮಂದಿಗೆ ಆಕೆ ಬರಿಯ ಬರಹದ ಮೂಲಕ ಉತ್ತರಿಸುತ್ತಿದ್ದಳು. ಆಕೆಯೂ ಆಘಾತವೂ ನಿಜವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆಕೆಯ ನೋವಿನ ಪ್ರತಿಭಟನೆಯನ್ನು ಕಂಡವರ ದೇಹಮನಸ್ಸುಗಳು ನಿಜವಾದ ಸನ್ನಿವೇಶದಲ್ಲಿದ್ದಂತೆಯೇ ತಳಮಳಗೊಂಡವು. ಕೆಲವರು ಪ್ರಯೋಗವನ್ನು ಮುಗಿಸದೆ ಹಿಂದೆ ಸರಿದರು. ಇಲ್ಲಿ ಜ್ಞಾನವು ದೋಷರಹಿತವಾಗಿದ್ದರೂ ನೈತಿಕ ಸಂಕಟವು ಹುಟ್ಟಿದೆ ಎಂಬುದು ಮುಖ್ಯ. ಶಂಕುಕನ ಪ್ರೇಕ್ಷಕನಿಗೆ ಈ ಸಂಕಟವಿಲ್ಲ. ರಾವಣನು ಸೀತೆಯನ್ನು ಒಯ್ದರೆ ಅದಕ್ಕೆ ಪ್ರೇಕ್ಷಕನು ಹೊಣೆಗಾರನಲ್ಲ.

೪

ಎರಡೂ ಬಗೆಯ ಸಾನ್ನಿಧ್ಯಗಳು ಒಂದೆಡೆ ಕೂಡಿದ ನಿದರ್ಶನವಾಗಿ ದಕ್ಷಿಣ ಕೊರಿಯಾದ ಎಂಬಿಸಿ ದೂರದರ್ಶನವು ೨೦೨೦ರ ಫೆಬ್ರವರಿಯಲ್ಲಿ ಪ್ರಸಾರ ಮಾಡಿದ ‘ಮೀಟಿಂಗ್ ಯೂ’ ಎಂಬ ಸಾಕ್ಷ್ಯಚಿತ್ರವನ್ನು ನೋಡಬಹುದು. ೨೦೧೬ರಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದ ಬಾಲಕಿಯೊಬ್ಬಳ ರೂಪವನ್ನು ಕುಟುಂಬದಲ್ಲಿ ಉಳಿದಿದ್ದ ಚಿತ್ರಗಳ ಆಧಾರದಿಂದ, ಬೇರೊಂದು ಮಗುವಿನ ಚಲನೆಗಳ ನೆರವಿನಿಂದ ಪುನಾರಚಿಸಲಾಯಿತು. ಹಸಿರು ಪರದೆಯ ಸ್ಟುಡಿಯೋದಲ್ಲಿ ಶಿರೋಧಾರಿ ಸಾಧನವನ್ನೂ ಕೈಗವಸುಗಳನ್ನೂ ತೊಟ್ಟ ತಾಯಿಗೆ ಉದ್ಯಾನವೊಂದರಲ್ಲಿ ಮಗಳು ಎದುರಾಗುತ್ತಾಳೆ, ಮಾತನಾಡಿಸುತ್ತಾಳೆ, ಹುಟ್ಟುಹಬ್ಬದ ಕೇಕು ಹಂಚಿಕೆಯಾಗುತ್ತದೆ. ತಾಯಿ ಚಾಚಿದ ಕೈಗೆ ಗಾಳಿಯಷ್ಟೇ ಸಿಗುವುದನ್ನು ವೀಕ್ಷಕರು ಕಾಣುತ್ತಾರೆ.

ಈ ಕೃತಿಯನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಇದು ಸಾಂತ್ವನವೋ ಶೋಷಣೆಯೋ ಎಂಬ ಎರಡು ತುದಿಗಳಲ್ಲಿ ನಡೆದಿದೆ. ಸಾಹಿತ್ಯಮೀಮಾಂಸೆಯ ನೆಲೆಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಿಯಾಗುವ ವಿಘ್ನಗಳನ್ನು ಎಣಿಸುವಾಗ, ನೋಡುಗನು ತನ್ನದೇ ಸುಖದುಃಖಗಳಿಗೆ ವಶನಾಗಿರುವುದನ್ನೂ ಒಂದು ವಿಘ್ನವೆಂದು ಹೇಳಿದ್ದಾನೆ. ಶೋಕವು ‘ನನ್ನದು’, ‘ಪರರದು’ ಎಂಬ ಅಂಟಿನಿಂದ ಬಿಡಿಸಿಕೊಂಡು ಸಾಧಾರಣೀಕರಣ ಹೊಂದಿದಾಗಲೇ ಕರುಣರಸವಾಗುತ್ತದೆ. ಪೂರ್ವರಂಗ, ವೇಷ, ಗೀತ, ವಾದ್ಯಗಳೆಲ್ಲ ಈ ಬಿಡುಗಡೆಗೆ ಏರ್ಪಾಡುಗಳು. ‘ಮೀಟಿಂಗ್ ಯೂ’ವಿನಲ್ಲಿ ತಾಯಿಯ ಪಾಲಿಗೆ ಆ ವಿಘ್ನವೇ ಪ್ರದರ್ಶನದ ಸಾಮಗ್ರಿ. ಸ್ವಂತ ದುಃಖದ ಹೊರತು ಅಲ್ಲಿ ಏನೂ ನಡೆಯುವಂತಿಲ್ಲ. ಆಕೆಯ ಅನುಭವವನ್ನು ಕಲಾನುಭವವೆನ್ನಲು ಬರುವುದಿಲ್ಲ. ಹಾಗೆಂದು ಅದಕ್ಕೆ ಬೆಲೆಯಿಲ್ಲವೆಂದು ಅರ್ಥವಲ್ಲ. ಅಂತಿಮ ವಿದಾಯವೊಂದು ಆಕೆಗೆ ದೊರೆತಿದ್ದರೆ ಅದನ್ನು ಅಲ್ಲಗಳೆಯುವ ಅಧಿಕಾರ ವಿಮರ್ಶಕನಿಗಿಲ್ಲ.

ದೂರದರ್ಶನದ ವೀಕ್ಷಕರ ಸ್ಥಿತಿ ಇದಕ್ಕಿಂತ ಜಟಿಲ. ಅವರಿಗೆ ಆ ಮಗುವಿನ ಸಾನ್ನಿಧ್ಯವಿಲ್ಲ. ಅವರು ಕಾಣುತ್ತಿರುವುದು ತಾಯಿಯ ನಿಜದುಃಖವನ್ನು. ಅದು ಅಭಿನಯವಲ್ಲವಾದ್ದರಿಂದ ಸಾಧಾರಣೀಕರಣವೂ ಸುಲಭವಲ್ಲ. ಒಂದೇ ಘಟನೆಯು ಒಳಗಿದ್ದವರಿಗೆ ಭೇಟಿಯಾಗಿಯೂ ಹೊರಗಿದ್ದವರಿಗೆ ಪ್ರದರ್ಶನವಾಗಿಯೂ ಒಡೆದುಕೊಂಡಿದೆ. ಆದರೂ ಈ ಕೃತಿಯ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅದಕ್ಕೊಂದು ಚೌಕಟ್ಟಿತ್ತು. ಭೇಟಿಗೆ ಆರಂಭವಿತ್ತು, ಅಂತ್ಯವಿತ್ತು. ಮಗಳು ಮಲಗುವಳು, ತಾಯಿ ಬೀಳ್ಕೊಡುವಳು, ಸಾಧನವನ್ನು ತೆಗೆದಿಡಲಾಗುವುದು. ಪೂರ್ವರಂಗವೂ ಭರತವಾಕ್ಯವೂ ಅಲ್ಲಿ ಬೇರೆ ರೂಪದಲ್ಲಿ ಉಳಿದಿದ್ದವು.

ಸಂಭಾಷಣಾಯಂತ್ರಗಳಲ್ಲಿ ಈ ಚೌಕಟ್ಟು ಕಳಚಿಬಿದ್ದಿದೆ. ಯೂಜೀನಿಯಾ ಕುಯ್ಡಾ ಅವರು ೨೦೧೫ರಲ್ಲಿ ಮಡಿದ ತಮ್ಮ ಗೆಳೆಯನ ಸಂದೇಶಗಳಿಂದ ಮಾತನಾಡುವ ಪ್ರತಿರೂಪವೊಂದನ್ನು ಸಿದ್ಧಪಡಿಸಿದ್ದರು. ಆ ಅನುಭವದ ಹಿನ್ನೆಲೆಯಲ್ಲಿ ೨೦೧೭ರಲ್ಲಿ ಸಾರ್ವಜನಿಕರ ಬಳಕೆಗೆ ಬಂದ ‘ರೆಪ್ಲಿಕಾ’ ಎಂಬ ಸಂಗಾತಿಯಂತ್ರಕ್ಕೆ ಭರತವಾಕ್ಯವೆಂಬುದಿಲ್ಲ. ಅದು ಯಾವ ಹೊತ್ತಿಗೂ ಲಭ್ಯ; ಪ್ರತಿಯೊಂದು ಮಾತಿಗೂ ಉತ್ತರ ಕೊಡುತ್ತದೆ. ೨೦೨೩ರ ಫೆಬ್ರವರಿಯಲ್ಲಿ ಇಟಲಿಯ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವು ಅಪ್ರಾಪ್ತ ವಯಸ್ಕರಿಗೂ ಭಾವುಕವಾಗಿ ದುರ್ಬಲರಾದವರಿಗೂ ಅಪಾಯವಿದೆಯೆಂಬ ಕಾರಣದಿಂದ ಅದಕ್ಕೆ ನಿರ್ಬಂಧ ಹೇರಿತು. ಅದೇ ತಿಂಗಳು ಸಂಸ್ಥೆಯು ಪ್ರಣಯದ ಮಾತುಕತೆಗಳನ್ನು ಮೊಟಕುಗೊಳಿಸಿದಾಗ ಬಳಕೆದಾರರಲ್ಲಿ ಹಲವರು ಆಪ್ತರನ್ನು ಕಳೆದುಕೊಂಡವರಂತೆ ದುಃಖಿಸಿದರು. ಅವರ ಸಂಗಾತಿಯ ಸ್ವಭಾವವು ಒಂದು ವ್ಯಾಪಾರಿ ನಿರ್ಧಾರದಿಂದ ಬದಲಾಗಿತ್ತು. ಅದೇಕೆ ಬದಲಾಯಿತೆಂದು ಆ ಸಂಗಾತಿಯನ್ನೇ ಕೇಳಿದರೆ ಉತ್ತರವೇನೋ ಬರುತ್ತಿತ್ತು. ಆದರೆ ಆ ಉತ್ತರಕ್ಕೆ ಹೊಣೆಯಾಗಬಲ್ಲ ಯಾರೂ ಆ ಸಂಭಾಷಣೆಯಲ್ಲಿ ಇರಲಿಲ್ಲ.

೫

ಪ್ರಸ್ತುತ ವಿವೇಚನೆಯು ಇಲ್ಲಿ ಒಂದು ನಿಲುವಿಗೆ ಬರುತ್ತದೆ. ಯಂತ್ರನಿರ್ಮಿತ ಸಾನ್ನಿಧ್ಯವು ಉತ್ತರದಿಂದ ಹುಟ್ಟುತ್ತದೆ. ಮನುಷ್ಯ ಸಾನ್ನಿಧ್ಯವು ಉತ್ತರದಾಯಿತ್ವದಿಂದ ಪೂರ್ಣಗೊಳ್ಳುತ್ತದೆ. ಎದುರಿಗಿರುವವನು ನಮ್ಮ ಮಾತಿಗೆ ಮಾತು ಜೋಡಿಸುವುದಷ್ಟೇ ಅಲ್ಲ, ಆಡಿದ ಮಾತಿಗೆ ಕಟ್ಟುಬೀಳುತ್ತಾನೆ, ಮುರಿದರೆ ನಾಚುತ್ತಾನೆ, ನಮ್ಮಿಂದ ನೋಯಬಲ್ಲವನೂ ಆಗಿರುತ್ತಾನೆ. ನಮ್ಮ ನಿತ್ಯಾನುಭವದಲ್ಲಿ ಇವೆರಡೂ ಬೇರ್ಪಡದೆ ಬಂದಿರುವುದರಿಂದ ಒಂದನ್ನು ಕಂಡೊಡನೆ ಇನ್ನೊಂದೂ ಇದೆಯೆಂದು ಊಹಿಸುವುದು ಸಹಜ. ಎಲೈಜಾದ ಮುಂದೆ ಕುಳಿತವರು ಮಾಡಿದ್ದು ಇದೇ ಊಹೆಯನ್ನು. ಅದು ಮೌಢ್ಯವಲ್ಲ, ಸಹಜೀವಿಗಳೊಡನೆ ಬದುಕಲು ಕಲಿತ ಮನಸ್ಸಿನ ಸೌಜನ್ಯ. ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್ ತಮ್ಮ ೧೯೯೬ರ ‘ದಿ ಮೀಡಿಯಾ ಈಕ್ವೇಷನ್’ ಗ್ರಂಥದಲ್ಲಿ ಜನರು ಗಣಕಯಂತ್ರಗಳೊಡನೆಯೂ ವಿನಯದಿಂದ ವರ್ತಿಸುವುದನ್ನು ತೋರಿಸಿದ್ದು ಈ ಸೌಜನ್ಯದ ಆಳವನ್ನೇ. ಆಕ್ಷೇಪಣೀಯವಾದದ್ದು ಆ ಸೌಜನ್ಯವನ್ನು ಬಂಡವಾಳ ಮಾಡಿಕೊಳ್ಳುವ ವಿನ್ಯಾಸ.

ಉತ್ತರದಾಯಿತ್ವವು ಯಂತ್ರದಲ್ಲಿ ಇಲ್ಲವೆಂದ ಮಾತ್ರಕ್ಕೆ ಅದು ಎಲ್ಲಿಯೂ ಇಲ್ಲವೆಂದಾಗುವುದಿಲ್ಲ. ಅದು ಯಂತ್ರವನ್ನು ರೂಪಿಸಿದವರಲ್ಲಿ, ನಡೆಸುವವರಲ್ಲಿ ಇದೆ; ಮನುಷ್ಯರೂಪದ ಮಾತು ಅವರನ್ನು ಮರೆಮಾಡುತ್ತದೆ. ನಾಟಕದಲ್ಲಿ ಪಾತ್ರದ ಹಿಂದೆ ನಟನಿದ್ದಾನೆಂಬುದು ಎಲ್ಲರಿಗೂ ತಿಳಿದದ್ದು. ಸಂವಾದಿಸುತ್ತಿರುವುದು ಕೃತಕ ಬುದ್ಧಿಮತ್ತೆಯೊಡನೆ ಎಂಬುದನ್ನು ಜನರಿಗೆ ತಿಳಿಸಬೇಕೆಂಬ ವಿಧಿಯನ್ನು ಐರೋಪ್ಯ ಒಕ್ಕೂಟದ ೨೦೨೪ರ ಕಾಯಿದೆಯು ಒಳಗೊಂಡಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಮಿಲ್‌ಗ್ರಾಮ್ ಪ್ರಯೋಗದ ಪುನಾರಚನೆಯು ತೋರಿಸಿದಂತೆ, ತಿಳಿವಳಿಕೆಯೊಂದೇ ಭಾವವನ್ನು ತಡೆಯಲಾರದು. ‘ಇದು ಯಂತ್ರ’ ಎಂಬ ಫಲಕದ ಜೊತೆಗೆ ‘ಇದರ ಮಾತಿಗೆ ಇಂಥವರು ಹೊಣೆ’ ಎಂಬ ಫಲಕವೂ, ಭೇಟಿಗೊಂದು ಅಂತ್ಯವೂ ಬೇಕಾಗುತ್ತವೆ.

ಇಂತಹ ಕೃತಿಗಳನ್ನು ವಿಮರ್ಶಿಸುವಾಗ ಎಷ್ಟು ನಿಜದಂತಿದೆ ಎಂಬ ಅಳತೆಗೋಲು ಇನ್ನು ಸಾಲದು. ನಿಜದಂತಿರುವುದು ತಂತ್ರಜ್ಞಾನ ಬೆಳೆದಂತೆ ತಾನಾಗಿ ಹೆಚ್ಚುತ್ತ ಹೋಗುವ ಗುಣ. ನೋಡುಗನನ್ನು ಅದು ಪ್ರೇಕ್ಷಕನಾಗಿಸಿತೇ ಪಾತ್ರಧಾರಿಯಾಗಿಸಿತೇ, ಅವನ ಸ್ವಂತ ದುಃಖವನ್ನು ಬಿಡಿಸಿತೇ ಬಳಸಿಕೊಂಡಿತೇ, ಹೊರಬರುವ ಬಾಗಿಲನ್ನು ತೋರಿಸಿತೇ ಮುಚ್ಚಿತೇ ಎಂಬ ಪ್ರಶ್ನೆಗಳು ವಿಮರ್ಶೆಯವು. ಇವನ್ನು ಕೇಳಲು ಬೇಕಾದ ಪರಿಭಾಷೆಯ ಬಹುಭಾಗ ನಮ್ಮ ಕಾವ್ಯಮೀಮಾಂಸೆಯಲ್ಲಿಯೇ ಇದೆ. ಕರೆದರೆ ತಿರುಗುವ ಕುದುರೆಯನ್ನು ಮಾತ್ರ ಶಂಕುಕನು ಕಂಡಿರಲಿಲ್ಲ. ಅದನ್ನು ಸೇರಿಸಿಕೊಂಡು ಆ ಚರ್ಚೆಯನ್ನು ಮುಂದುವರಿಸುವ ಕೆಲಸ ಇಂದಿನ ಅಧ್ಯಯನಕಾರರ ಪಾಲಿಗೆ ಉಳಿದಿದೆ.